ಅಂಬಿಕಾ ಮಿಲ್ಲಿನ ಕಂಪ್ಯೂಟರ್ ಬಂದ್ ಮಾಡಿದ್ದು

ಕೆಲವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ನನ್ನದು ಆ ಜಾತಿಯ ಹೊಟ್ಟೆಯಲ್ಲ. ನಮ್ಮ ಓಣಿಯಲ್ಲಿ ಯಾವ ಸೊಸೆ ಯಾವ ಅತ್ತೆಗೆ ಏನೆಂದಳು ಎನ್ನುವುದೆಲ್ಲ ನನ್ನ ಜೊತೆಯೇ ಮಣ್ಣಿಗೆ ಹೋಗುತ್ತದೆ. ನನ್ನಲ್ಲಿ ನಿಲ್ಲದಿರುವುದು ಸಂತೋಷ ಮಾತ್ರ. ಅದು ಬಂತೆಂದರೆ ಯಾರಿಗಾದರೂ ಹೇಳಿಬಿಡಬೇಕು, ಇಲ್ಲದಿದ್ದರೆ ಊಟ ಸೇರುವುದಿಲ್ಲ. ಮೊಮ್ಮಗಳು ಅಂಬಿಕಾ ಹುಟ್ಟಿದ ದಿನ ಪೇಢೆ ಹಂಚುತ್ತ ಹಂಚುತ್ತ ಸೇಡಂ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಹೊರಡಲು ನಿಂತಿದ್ದ ಚಿಂಚೋಳಿ ಬಸ್ಸಿನ ಕಂಡಕ್ಟರನ ಕೈಗೂ ಒಂದು ಇಟ್ಟೆ. ಆತ, "ಯಾಕ್ರೀ ಅಮ್ಮಾ?" ಎಂದ. "ಸುಮ್ನ ತಿನ್ನಪ್ಪ, ನಮ್ಮ ಮನಿಗಿ ಲಕ್ಷ್ಮಿ ಬಂದಾಳ" ಎಂದೆ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕೈಚಾಚಿದರು. ಪೇಢೆ ಖಾಲಿಯಾಯಿತು, ಮಾತು ಖಾಲಿಯಾಗಲಿಲ್ಲ.

ಆ ಲಕ್ಷ್ಮಿ ಈಗ ಇಲ್ಲಿಯ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಕಂಪ್ಯೂಟರ್ ಖೋಲಿ ನೋಡಿಕೊಳ್ಳುತ್ತಾಳೆ. ನಾನು ಮಳಖೇಡದ ಸಾಲೆಯಲ್ಲಿ ಎರಡನೇ ಇಯತ್ತೆ ಕಲಿತವಳು, ಪೇಪರನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಆದರೂ ಅವಳು ಮಾಡುವ ಕೆಲಸ ನನಗೆ ತಿಳಿಯಬೇಕು. ತಿಳಿಯದೆ ಊರಿಗೆ ಹೇಗೆ ಹೇಳಲಿ? ಅವಳೂ ತಾಳ್ಮೆಯಿಂದ ತಿಳಿಸುತ್ತಾಳೆ. ಆ ಮಾಲೀಕರಿಗೆ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರು ಕಡೆ ಮಿಲ್ಲುಗಳಿವೆ. ಎಲ್ಲಿ ಗಾಡಿ ಬಂದು ಕಾಟಾದ ಮೇಲೆ ನಿಂತರೂ ತೂಕ ಸೇಡಮ್ಮಿನ ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ಚೀಟಿ ಬರುತ್ತದೆ. ಚೀಟಿ ಬರದಿದ್ದರೆ ಚೀಲ ಇಳಿಯುವುದಿಲ್ಲ. ಅದಕ್ಕೇ ಆ ಖೋಲಿಯಲ್ಲಿ ಒಂದಲ್ಲ, ಎರಡು ಯಂತ್ರ ಪಕ್ಕಪಕ್ಕದಲ್ಲೇ ಇವೆಯಂತೆ.

"ಎರಡ್ಯಾಕ ಬೇ?" ಎಂದು ಕೇಳಿದೆ.

"ಆಯಿ, ಮದುವಿ ಮನ್ಯಾಗ ರೊಟ್ಟಿ ಬಡೀಲಿಕ್ಕ ಒಬ್ಬಾಕಿನ್ನೇ ಕೂಡಸ್ತಾರೇನು? ಒಬ್ಬಾಕಿ ಕೈ ಸುಟ್ಕೊಂಡ್ರ ಇನ್ನೊಬ್ಬಾಕಿ ಬಡೀತಾಳ. ಪಂಕ್ತ್ಯಾಗ ಕುಂತೋರಿಗಿ ಗೊತ್ತೇ ಆಗಂಗಿಲ್ಲ."

ಇದು ನನಗೆ ಥಟ್ಟನೆ ತಿಳಿಯಿತು. ನನ್ನ ಮದುವೆಯಲ್ಲಿ ಹಾಗೆಯೇ ಆಗಿತ್ತು. ನಮ್ಮ ದೊಡ್ಡವ್ವನ ಕೈ ಹಂಚಿಗೆ ತಾಗಿ, ಪಕ್ಕದ ಒಲೆಯವಳು ಬೀಗರ ಊಟ ಮುಗಿಯುವವರೆಗೆ ಒಬ್ಬಳೇ ಬಡಿದಿದ್ದಳು. ಬೀಗರು ಆ ಊಟದಲ್ಲಿ ಪಲ್ಯಕ್ಕೆ ಉಪ್ಪು ಕಡಿಮೆಯೆಂದು ಕೊಂಕು ತೆಗೆದರೇ ಹೊರತು ರೊಟ್ಟಿಯ ಬಗ್ಗೆ ಚಕಾರ ಎತ್ತಲಿಲ್ಲ. ಉಪ್ಪಿನ ಮಾತನ್ನು ನನ್ನ ನಾದಿನಿ ಈಗಲೂ ಎತ್ತುತ್ತಾಳೆ; ಅದಿರಲಿ.

"ಆದ್ರ ಅಡಗಿ ಮನಿಗೇ ಬೆಂಕಿ ಹತ್ತಿದ್ರ?" ಎಂದಳು ಅಂಬಿಕಾ.

"ಬಿಡ್ತು ಅನ್ನು!"

"ಬಿಡ್ತು ಅಂದ್ರ ಬೆಂಕಿ ಬಿಡ್ತದೇನ್ ಆಯಿ? ಇಬ್ಬರೂ ಅದೇ ಡಬ್ಬಿ ಹಿಟ್ಟ ತಗೋತಾರ. ಡಬ್ಬಿ ಹೋದ್ರ ಇಬ್ಬರೂ ಸುಮ್ಮ ಕುಂದ್ರಬೇಕು. ಅದಕ್ಕ ದೂರ ಶಹಾಬಾದದಾಗ ಇನ್ನೊಂದು ಅಡಗಿಮನಿ ಇಟ್ಟೀವಿ. ಇಲ್ಲಿಂದು ಎಲ್ಲಾ ಅಲ್ಲಿಗಿ ನಕಲ ಹೋಗ್ತಿರ್ತದ. ಇಲ್ಲಿಂದು ಪೂರಾ ಹೋದ್ರೂ ಅದು ನಡೀಬೇಕು."

ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಅವಳು ಹೇಳಿದ್ದು ಮಾತ್ರ ನನ್ನ ತಲೆಗೆ ಹತ್ತಲಿಲ್ಲ. ಬರುವ ಭಾನುವಾರ ಬೆಳಿಗ್ಗೆ ಚೆನ್ನಾಗಿ ನಡೆಯುತ್ತಿರುವ ಎರಡೂ ಯಂತ್ರಗಳನ್ನು ತಾನೇ ಕೈಯಾರೆ ಬಂದ್ ಮಾಡುತ್ತಾಳಂತೆ! ಉರಿಯುವ ಒಲೆಗೆ ಯಾರಾದರೂ ನೀರು ಸುರಿಯುತ್ತಾರೆಯೇ?

"ಸುರೀಬೇಕು ಆಯಿ. ಬೆಂಕಿ ಹತ್ತಿದ ದಿನಾನೇ ಶಹಾಬಾದದ್ದು ನಡೀತದೋ ಇಲ್ಲೋ ನೋಡ್ಲೇನು?"

ಕಲಬುರಗಿಯಲ್ಲಿರುವ ಅವಳ ದೊಡ್ಡ ಸಾಹೇಬರು ಮೂರೂ ಮಿಲ್ಲುಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸವನ್ನು ಹೊರಗಿನವರಿಗೆ ಕೊಡಬೇಕೆಂದಿದ್ದರು. ಇವಳೇ ಹಟ ಹಿಡಿದು ಯಾವುದು ಕೆಟ್ಟರೆ ಯಾರು ಯಾರಿಗೆ ಹೇಳಬೇಕು, ಯಾವುದನ್ನು ಮೊದಲು ಎಬ್ಬಿಸಬೇಕು ಎಂಬುದನ್ನೆಲ್ಲ ಬರೆದು ಒಂದು ಅವಕಾಶ ಕೇಳಿದ್ದಳು. ಭಾನುವಾರ ಸಾಹೇಬರು ಬಂದು ಕಾಟಾದ ಹತ್ತಿರವೇ ನಿಂತು ನೋಡುತ್ತಾರೆ. ನಿಜವಾದ ಗಾಡಿಗಳು ಬಂದು, ನಿಜವಾದ ಚೀಟಿ ಶಹಾಬಾದದಿಂದ ಬಂದರೆ ಮೂರೂ ಮಿಲ್ಲುಗಳ ಜವಾಬ್ದಾರಿ ಇವಳದು. ಬರದಿದ್ದರೆ ಇವಳು ಮತ್ತೆ ಮೊದಲಿನಂತೆ ಗೇಟಿನಲ್ಲಿ ಕುಳಿತು ಗಾಡಿ ನಂಬರು ಬರೆಯುವುದು.

ನೋಡಿ, ನಮ್ಮ ಮನೆಯ ಹುಡುಗಿ ಒಂದು ಮಿಲ್ಲನ್ನೇ ನಿಲ್ಲಿಸಿ ಮತ್ತೆ ನಡೆಸುತ್ತಾಳೆ! ಇಂಥ ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಹಿಟ್ಟಿನ ಗಿರಣಿಗೆ ಹೋದದ್ದೇ ತಪ್ಪಾಯಿತು. ಜೋಳ ಬೀಸುವವರೆಗೆ ಕೂರಬೇಕಲ್ಲ. ಪಕ್ಕದ ಮನೆಯ ಮಹಾದೇವಿ ಸಿಕ್ಕಳು. ಗಿರಣಿಯ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು: "ಐತಾರ ದಿನ ನಮ್ಮ ಅಂಬಿಕಾ ಮಿಲ್ಲಿನ ಕಂಪ್ಯೂಟರ್ ಬಂದ್ ಮಾಡ್ತಾಳ!" ಶಹಾಬಾದದ ಮಾತನ್ನು ಹೇಳುವಷ್ಟರಲ್ಲಿ ನನ್ನ ಹಿಟ್ಟು ಬಂತು. ಬಿಸಿ ಹಿಟ್ಟಿನ ಡಬ್ಬಿ ತಲೆಯ ಮೇಲಿಟ್ಟುಕೊಂಡು ಖುಷಿಯಿಂದ ಮನೆಗೆ ಬಂದೆ.

ಭಾನುವಾರ ಅಂಬಿಕಾ ದೇವರಿಗೆ ಕೈಮುಗಿದು, ನನ್ನ ಕಾಲಿಗೂ ನಮಸ್ಕಾರ ಮಾಡಿ ಹೋದಳು. ನಾನು ಜಗಲಿಯ ಮೇಲೆ ಫೋನ್ ಹಿಡಿದು ಕುಳಿತೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ದನಿ ಅಳು ಬಂದಂತಿತ್ತು.

"ಆಯಿ, ಶಹಾಬಾದದ್ದು ಎದ್ದಾದ. ಎಲ್ಲಾ ಸರಿ ಅದ. ಆದ್ರ ಕಾಟಾಕ್ಕ ಒಂದು ಗಾಡಿನೂ ಬರವಲ್ದು. ತೊಗರಿ ಸುಗ್ಗ್ಯಾಗ ಐತಾರನೂ ಸಾಲ ಹಚ್ಚಿ ನಿಂತಿರ್ತಿದ್ವು. ಚಿತ್ತಾಪುರಕ್ಕೂ ಬಂದಿಲ್ಲಂತ. ಸಾಹೇಬ್ರು ಗಡಿಯಾರ ನೋಡಾಕತ್ತಾರ. ಗಾಡಿ ಇಲ್ದ ಏನ್ ತೋರಿಸ್ಲಿ?"

ನನಗೆ ಎಲ್ಲೋ ಹಿಟ್ಟಿನ ವಾಸನೆ ಬಡಿಯಿತು. ಎದ್ದು ಓಣಿಯ ತುದಿಯ ಚಹಾದ ಅಂಗಡಿಗೆ ಓಡಿದೆ. ಲಾರಿ ಓಡಿಸುವ ದೇವಿಂದ್ರಪ್ಪ, ಟೆಂಪೋದ ಮಶಾಕ, ಇನ್ನೂ ಎಷ್ಟೋ ಜನ ಆರಾಮಾಗಿ ಕುಳಿತಿದ್ದರು. ತೊಗರಿ ತುಂಬಿದ ಗಾಡಿಗಳು ಬೇವಿನ ನೆರಳಲ್ಲಿ ನಿಂತಿದ್ದವು.

"ಯಾಕ್ರೋ, ಮಿಲ್ಲಿಗಿ ಹೋಗಂಗಿಲ್ಲೇನು?"

"ಇವತ್ತು ಬಂದ್ ಅಲ್ಲೇನ್ರೀ ಆಯಿ?" ಎಂದ ದೇವಿಂದ್ರಪ್ಪ. "ನೀವೇ ಹೇಳೀರಂತ. ನಮ್ಮಾಕಿಗಿ ಮಹಾದೇವಕ್ಕ ಹೇಳ್ಯಾಳ. ಚಿತ್ತಾಪುರದಾಗ ನನ್ನ ಭಾವಗೂ ನಾನೇ ಫೋನ್ ಮಾಡಿ ಹೇಳ್ದೆ, ಪಾಪ ಸುಮ್ಮ ಯಾಕ ಬರ್ಬೇಕು ಅಂತ."

"ಬಂದ್ ಅಂದ್ರ ಬಂದ್ ಅಲ್ಲಪ್ಪೋ! ಇಲ್ಲಿ ಬಂದ್ ಅದ, ಶಹಾಬಾದದಾಗ ಚಾಲೂ ಅದ!"

"ಹಂಗಾರ ತೊಗರಿ ಶಹಾಬಾದಕ್ಕ ಒಯ್ಬೇಕೇನ್ರಿ?" ಎಂದ ಮಶಾಕ. ಎಲ್ಲರೂ ನಕ್ಕರು.

ರೊಟ್ಟಿ ಬಡಿಯುವ ಇಬ್ಬರು, ಹಿಟ್ಟಿನ ಡಬ್ಬಿ, ದೂರದ ಅಡುಗೆಮನೆ ಎಲ್ಲವನ್ನೂ ಹೇಳಿದೆ. ಅವರಿಗೆ ಹಸಿವಾಯಿತೇ ಹೊರತು ನಂಬಿಕೆ ಬರಲಿಲ್ಲ. ಚೀಟಿ ಸಿಗದಿದ್ದರೆ ದಿನವಿಡೀ ಗೇಟಿನಲ್ಲಿ ಬಿಸಿಲು ಕಾಯಬೇಕು, ಅವರ ಭಯ ಸುಳ್ಳಲ್ಲ. ಮಿಲ್ಲು ಬಂದ್ ಎಂಬ ಮಾತು ಒಂದು ಗಿರಣಿಯಿಂದ ಚಿತ್ತಾಪುರಕ್ಕೆ ತಾನೇ ನಡೆದು ಹೋಗಿತ್ತು. ಚಾಲೂ ಎಂಬ ಮಾತು ಚಹಾದ ಅಂಗಡಿಯ ಬೆಂಚು ದಾಟಲಿಲ್ಲ.

ಆಗ ನನಗೆ ನಮ್ಮ ಮನೆಯ ಮೂಲೆಯಲ್ಲಿದ್ದ ತೊಗರಿ ಚೀಲಗಳು ನೆನಪಾದವು. ವರ್ಷಕ್ಕೆ ಬೇಳೆ ಮಾಡಿಸಲೆಂದು ಇಟ್ಟವು. ಮಗ ಹೊಲಕ್ಕೆ ಹೋಗಿದ್ದ, ಸೊಸೆ ಬಟ್ಟೆ ಒಗೆಯುತ್ತಿದ್ದಳು. ಯಾರನ್ನೂ ಕೇಳಲಿಲ್ಲ. "ಮಶಾಕಾ, ಚೀಲ ಹೊರು. ನಿನ್ನ ತೊಗರಿ ಇಲ್ಲೇ ಇಳಸಿಡು, ನನ್ನ ತೊಗರಿ ತೂಕ ಮಾಡಸು. ಚೀಟಿ ಬರಲಿಲ್ಲಂದ್ರ ಬಿಸಿಲಾಗ ನಾ ನಿಂದರ್ತೀನಿ" ಎಂದು ಟೆಂಪೋ ಹತ್ತಿ ಅವನ ಪಕ್ಕದಲ್ಲಿ ಕುಳಿತೆ.

ಗೇಟಿನಲ್ಲಿ ನನ್ನನ್ನು ನೋಡಿದ ಅಂಬಿಕಾಳ ಮುಖ ಹೇಗಾಯಿತೆಂದು ಹೇಳಲಾರೆ. ಸಾಹೇಬರು, "ಇವ್ರ್ಯಾರು?" ಎಂದರು. ಅವಳು, "ಗಿರಾಕಿ ಸರ್" ಎಂದಳು. ಟೆಂಪೋ ಕಾಟಾದ ಮೇಲೆ ನಿಂತಿತು. ನಾನು ಸೆರಗಿನೊಳಗೆ ಕೈಮುಗಿದು ಶಹಾಬಾದದ ದಿಕ್ಕು ಯಾವುದೆಂದು ಹುಡುಕುತ್ತಿದ್ದೆ. ಕಿರ್ರೆಂದು ಚೀಟಿ ಹೊರಗೆ ಬಂತು. ಅದರ ಮೇಲೆ ನನ್ನ ಹೆಸರು! ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದು ಅಕ್ಷರ ಚದುರಿದವು. ಮಶಾಕ ಚೀಟಿಯ ಫೋಟೋ ತೆಗೆದು ಚಹಾದ ಅಂಗಡಿಗೆ ಕಳಿಸಿದ. ನಾವು ಚೀಲ ಇಳಿಸುವಷ್ಟರಲ್ಲಿ ದೇವಿಂದ್ರಪ್ಪನ ಲಾರಿ ಬಂತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಚಿತ್ತಾಪುರದ ಭಾವನೂ ಹೊರಟನಂತೆ. ಹೊತ್ತು ಏರುವಷ್ಟರಲ್ಲಿ ಹಾರ್ನ್ ಹೊಡೆದು ಜಗಳವಾಡುವಷ್ಟು ಸಾಲಾಯಿತು. ಅಷ್ಟು ಚಂದದ ಜಗಳವನ್ನು ನಾನು ಎಲ್ಲಿಯೂ ಕೇಳಿಲ್ಲ.

ಕೆಲಸ ಅಂಬಿಕಾಳದಾಯಿತು. ಸಾಹೇಬರು ಹೋಗುವಾಗ ಒಂದು ಮಾತು ಹೇಳಿದರಂತೆ: ಬೆಂಕಿ, ನೆರೆ, ಕರೆಂಟು ಎಲ್ಲಕ್ಕೂ ಉಪಾಯ ಬರೆದಿದ್ದೀಯ, ಊರಿನ ಸುದ್ದಿಗೆ ಬರೆದಿಲ್ಲ. ಈಗ ಅವಳು ಅದನ್ನೂ ಸೇರಿಸಿದ್ದಾಳೆ. ಪರೀಕ್ಷೆಗೆ ಮುಂಚೆ ಗಾಡಿಯವರಿಗೆ ಮಿಲ್ಲಿನವರೇ ಸರಿಯಾಗಿ ತಿಳಿಸಬೇಕು ಎಂದು. "ನಿನ್ನ ಹೆಸರು ಬರ್ದಿಲ್ಲ ಆಯಿ, ಹೆದರಬ್ಯಾಡ" ಎಂದಳು. ಬರೆದಿದ್ದರೂ ನನಗೆ ಬೇಸರವಿರಲಿಲ್ಲ, ಇಂಗ್ಲಿಷಿನಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೋ ನೋಡಬಹುದಿತ್ತು.

ಮನೆಯಲ್ಲಿ ಮಾತ್ರ, ವರ್ಷದ ತೊಗರಿಯೆಲ್ಲ ಮಿಲ್ಲಿಗೆ ಮಾರಾಟವಾಗಿತ್ತಲ್ಲ, ಸೊಸೆ ಖಾಲಿ ಮೂಲೆ ನೋಡಿ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಬೇಳೆ ತರಲು ದಿನವೂ ಮಹಾದೇವಿಯ ಮನೆಗೆ ನಾನೇ ಹೋಗುತ್ತೇನೆ. ನಮ್ಮ ಅಡುಗೆಮನೆಯ ಶಹಾಬಾದ ಈಗ ಅವಳೇ.

ಮೊನ್ನೆ ಅಂಬಿಕಾಳನ್ನು ಕೇಳಿದೆ, "ಮತ್ತ ಯಾವಾಗ ಬಂದ್ ಮಾಡ್ತಿ ಬೇ?"

"ಹೇಳಂಗಿಲ್ಲ ಆಯಿ."

"ಹೇಳಬ್ಯಾಡವ್ವ, ಹೇಳಬ್ಯಾಡ. ನಂಗ್ಯಾಕ ಬೇಕು?" ಎಂದೆ. ಖರೆ ಹೇಳುತ್ತೇನೆ, ಈ ಸಲ ಯಾರಿಗೂ ಏನೂ ಹೇಳಬಾರದೆಂದು ಗಟ್ಟಿ ಮನಸ್ಸು ಮಾಡಿದ್ದೆ. ಆದರೆ ಸಂಜೆ ಬಟ್ಟಲು ಹಿಡಿದು ಮಹಾದೇವಿಯ ಬಾಗಿಲಲ್ಲಿ ನಿಂತಾಗ, ಅವಳು ಬೇಳೆ ಅಳೆಯುವವರೆಗೆ ಸುಮ್ಮನೆ ಹೇಗೆ ನಿಲ್ಲಲಿ? "ನಮ್ಮ ಅಂಬಿಕಾಂದು ಈಗ ಎಂಥಾ ದೊಡ್ಡ ಕೆಲಸ ಅಂತಿ ಮಹಾದೇವಿ," ಎಂದೆ, "ನಂಗೂ ಹೇಳಲಾರದಷ್ಟು ದೊಡ್ಡದು!"