ಅಕ್ಕನಿಗೆ ಬಗ್ಗುತ್ತಿದ್ದ ಗಾಡಿ

ಓರೆಯಾಗಿರುವುದನ್ನು ಕಂಡರೆ ನನ್ನಿಂದ ಸುಮ್ಮನಿರಲು ಆಗುವುದಿಲ್ಲ. ಇದನ್ನು ಗುಣವೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ರೋಗವೆಂದು ಕಂಡುಹಿಡಿದವಳು ನನ್ನ ಹೆಂಡತಿ ಶೈಲಾ. ಬೀಗರ ಮನೆಗೆ ಹೋದರೆ ಚಹಾ ಬರುವ ಮೊದಲೇ ಎದ್ದು ಅವರ ಗೋಡೆಯ ಫೋಟೋಗಳನ್ನೆಲ್ಲ ನೆಟ್ಟಗೆ ಮಾಡಿರುತ್ತೇನೆ. ಒಮ್ಮೆ ರಾಮದುರ್ಗದಲ್ಲಿ ದುಃಖದ ಮನೆಯೊಂದಕ್ಕೆ ಮಾತನಾಡಿಸಲು ಹೋಗಿದ್ದೆವು. ತೀರಿಕೊಂಡ ಹಿರಿಯರ ಫೋಟೋ ಎಡಕ್ಕೆ ವಾಲಿತ್ತು. ಎಲ್ಲರೂ ಅಳುತ್ತಿರುವಾಗ ನಾನು ಎದ್ದು, ಹಾರದ ಸಮೇತ ಅದನ್ನು ಸರಿಪಡಿಸಿ, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಅಳತೆ ನೋಡಿದೆ. ಆ ಫೋಟೋದ ಕೆಳಗೇ ಕೂತಿದ್ದ ಅವರ ಸೊಸೆ ನಾನು ಅವಳಿಗೆ ಕಣ್ಣು ಹೊಡೆದೆನೆಂದೇ ತಿಳಿದಳು. ಆ ಮನೆಗೆ ನಾವು ಮತ್ತೆ ಹೋಗಿಲ್ಲ. ಇದರಲ್ಲಿ ನನ್ನ ವೃತ್ತಿಯ ತಪ್ಪೂ ಇದೆ. ಬೈಲಹೊಂಗಲದ ಸುತ್ತಮುತ್ತ ಮನೆ ಕಟ್ಟಿಸಿಕೊಡುವ ಸಣ್ಣ ಕಾಂಟ್ರ್ಯಾಕ್ಟರ್ ನಾನು. ಗೋಡೆ, ನೆಲಗಳ ಸಮ ನೋಡುವ ರಸಮಟ್ಟ ಸದಾ ನನ್ನ ಬಗಲಲ್ಲಿರುತ್ತದೆ. ಅದರ ಗಾಜಿನ ನಳಿಗೆಯೊಳಗಿನ ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಾಗ ನನಗಾಗುವ ಸಮಾಧಾನ ದೇವರ ಮುಂದೆ ಕೂತಾಗಲೂ ಆಗಿದ್ದಿಲ್ಲ.

ಇಂಥ ನನಗೆ ಓರೆ ಗಾಡಿಯೇ ಗಂಟು ಬೀಳಬೇಕೆ? ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೆಳಗಾವಿಯ ಕಲ್ಲುಗಣಿ ಮಾಲೀಕರೊಬ್ಬರಿಂದ ಹಳೆಯ ವಿದೇಶಿ ಗಾಡಿಯೊಂದನ್ನು ಕೊಂಡೆ. ಜೀಪಿಗಿಂತ ದೊಡ್ಡದು. ಚಕ್ರಗಳ ಮೇಲೆ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲಗಳಿದ್ದವು. "ಇದು ಗಾಡಿ ಅಲ್ರಿ, ತೊಟ್ಟಿಲ" ಎಂದು ಹೊಗಳಿ ಕೊಟ್ಟಿದ್ದರು. ಕೆಲವೇ ತಿಂಗಳಲ್ಲಿ ತೊಟ್ಟಿಲಿನ ಒಂದು ಹಗ್ಗ ಸಡಿಲವಾಯಿತು. ಎಲ್ಲಿ ನಿಲ್ಲಿಸಿದರೂ 'ಉಸ್' ಎಂದು ಉಸಿರು ಬಿಟ್ಟು, ಹಿಂದಿನ ಎಡಗಡೆ ಕುಸಿದು ಕೂತುಬಿಡುತ್ತಿತ್ತು. ಓಣಿಯವರು "ಸಾಹೇಬ್ರ, ಗಾಡಿ ಸ್ವಂಟಾ ಉಳುಕೇತೇನ್ರಿ?" ಎಂದು ವಿಚಾರಿಸತೊಡಗಿದರು. ಅದನ್ನಾದರೂ ಸಹಿಸಬಹುದು. ಆದರೆ ಕಿತ್ತೂರಿನಲ್ಲಿ ಹೊಸ ಮನೆಯ ಕೆಲಸ ನನಗೆ ಒಪ್ಪಿಸಿದ್ದ ಗೌಡರೊಬ್ಬರು ನಾನು ಇಳಿದು ಬರುವುದನ್ನೇ ನೋಡುತ್ತ ನಿಂತು, "ನಮ್ಮ ಗ್ವಾಡಿ ಆದ್ರೂ ನೆಟ್ಟಗ ಬರತಾವ ಹೌದಲ್ರಿ?" ಎಂದು ಕೇಳಿದರು. 

ಇಡೀ ಜಗತ್ತಿನಲ್ಲಿ ಈ ಓರೆಯನ್ನು ಮೆಚ್ಚಿದವಳು ಒಬ್ಬಳೇ, ಕಟಕೋಳಕ್ಕೆ ಕೊಟ್ಟ ನಮ್ಮ ಗೌರಕ್ಕ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ಮೊಣಕಾಲು ಹೋಗಿ, ಬಸ್ಸಿನ ಮೆಟ್ಟಿಲು ಹತ್ತಲಾರದೆ, ಊರು ಬಿಟ್ಟು ಎಲ್ಲಿಗೂ ಹೋಗುವುದನ್ನೇ ನಿಲ್ಲಿಸಿದ್ದಳು. ಮೊದಲ ಸಲ ಗಾಡಿ ಒಯ್ದು ಅವಳ ಮುಂದೆ ನಿಲ್ಲಿಸಿದಾಗ ಅದು ತನ್ನ ಪದ್ಧತಿಯಂತೆ 'ಉಸ್' ಎಂದು ಅವಳ ಕಡೆಗೇ ಕುಸಿಯಿತು. ಅಕ್ಕ ಯಾರ ಕೈಯನ್ನೂ ಹಿಡಿಯದೆ ಕಾಲಿಟ್ಟು ಒಳಗೆ ಕೂತಳು. "ಅಯ್ಯ, ನನ್ನ ನೋಡಿ ಬಗ್ಗತೈತಲ್ಲೋ ಇದು! ಎಷ್ಟು ಸಂಸ್ಕಾರ ಐತಿ ನೋಡು" ಎಂದು ಅದರ ಬಾಗಿಲನ್ನು ಸವರಿದಳು. ಅದು ಸಂಸ್ಕಾರವಲ್ಲ, ಗಾಡಿ ಕೆಟ್ಟಿದೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅಲ್ಲಿಂದ ಮುಂದೆ ಮೊಣಕಾಲು ತೋರಿಸಲು ಸವದತ್ತಿ, ತೋರಿಸಿದ ಮೇಲೆ ಬಳೆ ಇಡಿಸಿಕೊಳ್ಳಲು ಅಲ್ಲಿನ ಪೇಟೆ ಎಂದು ಅಕ್ಕನ ತಿರುಗಾಟ ಮತ್ತೆ ಶುರುವಾಯಿತು. ಆದರೆ ತಗ್ಗು ಬಂದಾಗಲೆಲ್ಲ ಗಾಡಿಯ ಹಿಂಭಾಗ 'ಧಡ್' ಎಂದು ಬಡಿಯುತ್ತಿತ್ತು, ಅಕ್ಕ "ಶಿವನ" ಎಂದು ಸೊಂಟ ಹಿಡಿದುಕೊಳ್ಳುತ್ತಿದ್ದಳು. ಚಕ್ರ ಮೇಲಿನ ತಗಡಿಗೆ ಉಜ್ಜಿ ರಬ್ಬರಿನ ವಾಸನೆ ಬರತೊಡಗಿತು. ಅಷ್ಟರಲ್ಲಿ ನಮಗೆ ಹತ್ತು ವರ್ಷದ ಅಂತರದ ಮೇಲೆ ಎರಡನೆಯ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯಕ್ಕೆ ದಿನ ಗೊತ್ತಾಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಗೌರಕ್ಕ. ಆ ದಿನ ಅವಳು ಸೊಂಟ ಹಿಡಿದುಕೊಳ್ಳದೆ ಬಂದು ಇಳಿಯಬೇಕು, ಗಾಡಿ ಅಷ್ಟರೊಳಗೆ ನೆಟ್ಟಗಾಗಲೇಬೇಕು ಎಂದು ನಾನು ಹಟ ತೊಟ್ಟೆ.

ನಮ್ಮೂರ ಗ್ಯಾರೇಜಿನ ದಾವಲಸಾಬ ಲಾರಿಗಳಲ್ಲೇ ಬದುಕು ಕಳೆದವನು. ಗಾಡಿಯ ಕೆಳಗೆ ಬಗ್ಗಿ ನೋಡಿದವನೇ, "ಇದೆಲ್ಲಾ ನಾಜೂಕಿನ ಆಟ ಬ್ಯಾಡ್ರಿ ಸಾಹೇಬ್ರ. ಗಾಳಿಚೀಲಾ ಕಿತ್ತ ಒಗದು ಲಾರಿ ಸ್ಪ್ರಿಂಗಿನ ಪಾಟಾ ಹಾಕಿಬಿಡೂಣು, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತೈತಿ" ಎಂದ. ಕೆಮ್ಮಿಗೆ ಹೋದವನ ಕುತ್ತಿಗೆ ತೆಗೆಯುವ ವೈದ್ಯ ಇವನು ಎಂದು ನನಗೆ ಸಿಟ್ಟು ಬಂತು. ಆದರೆ ಊರಲ್ಲಿ ಜ್ಯಾಕ್ ಇದ್ದದ್ದು ಅವನ ಬಳಿ ಮಾತ್ರ. ಮೊದಲು ಗಾಳಿಚೀಲಕ್ಕೆ ಸಾಬೂನಿನ ನೊರೆ ಬಳಿದೆವು. ಗುಳ್ಳೆ ಏಳಲಿಲ್ಲ, ಅಂದರೆ ತೂತಿಲ್ಲ. ಗಾಳಿ ತುಂಬುವ ಯಂತ್ರವೂ ಗುರುಗುಟ್ಟುತ್ತಿತ್ತು. ಉಳಿದದ್ದು ಚಕ್ರದ ಹಿಂದೆ ಕೂತ ಅಂಗೈಯಷ್ಟೂ ಇಲ್ಲದ ಒಂದು ಡಬ್ಬಿ. ಅದಕ್ಕೊಂದು ಪುಟ್ಟ ತೋಳು, ತೋಳಿನಿಂದ ಚಕ್ರದ ಕಡೆಗೆ ಒಂದು ಕಡ್ಡಿ. ಗಾಡಿ ಎಷ್ಟು ಎತ್ತರದಲ್ಲಿದೆ ಎಂದು ಗಾಡಿಯ ಕಂಪ್ಯೂಟರಿಗೆ ವರದಿ ಕೊಡುವುದು ಈ ಸೆನ್ಸರಿನ ಕೆಲಸ. ಬಲಗಡೆಯ ಕಡ್ಡಿ ಬಿಡಿಸಿ ತೋಳನ್ನು ಕೈಯಿಂದ ಕೆಳಗೆ ಎಳೆದೆ. ಕಂಪ್ಯೂಟರು ಗಾಡಿ ಬಹಳ ಎತ್ತರಕ್ಕೆ ಹೋಯಿತೆಂದು ಬಗೆದು ಗಾಳಿ ಬಿಟ್ಟಿತು, ಬಲಗಡೆ ಇಳಿಯಿತು. ತೋಳು ಎತ್ತಿದರೆ ಏರಿತು. ಎಡಗಡೆ ಹಾಗೆಯೇ ಮಾಡಿದರೆ, ಊಹೂಂ, ಏನೂ ಇಲ್ಲ. ಮೀಟರ್ ಹಚ್ಚಿ ನೋಡಿದಾಗ ಬಲಗಡೆಯದರ ಮುಳ್ಳು ತೋಳಿನ ಜೊತೆ ಕುಣಿಯಿತು, ಎಡಗಡೆಯದು ಒಂದೇ ಜಾಗದಲ್ಲಿ ನಿಂತಿತ್ತು. ಹೊಟ್ಟೆ ನೆಲಕ್ಕೆ ತಾಗಿದ್ದರೂ "ನಾನು ಬಹಳ ಎತ್ತರದಲ್ಲಿದ್ದೇನೆ" ಎಂದು ಇದು ವರದಿ ಮಾಡುತ್ತಿತ್ತು! ಇಂಥ ಸೆನ್ಸರ್ ಇಟ್ಟುಕೊಂಡ ಕೆಲವು ಜನ ನನಗೆ ಗೊತ್ತು. ಅವರಿಗೆ ಬದಲಿ ಸಾಮಾನು ಸಿಗುವುದಿಲ್ಲ.

ನನ್ನ ಗಾಡಿಗೆ ಪುಣೆಯಲ್ಲಿ ಸಿಕ್ಕಿತು, ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು. ಗಾಡಿಯನ್ನು ಎತ್ತಿ, ಜ್ಯಾಕ್ ಒಂದನ್ನೇ ನಂಬದೆ ಕೆಳಗೆ ಮರದ ದಿಮ್ಮಿ ಕೊಟ್ಟು ಕೆಲಸ ಹಿಡಿದೆವು. ಎರೆಮಣ್ಣು ಕೂತು ತುಕ್ಕು ಹಿಡಿದ ಬೋಲ್ಟುಗಳು ದಾವಲಸಾಬನ ಬೈಗುಳಕ್ಕೂ ಅಲುಗಲಿಲ್ಲ, ಸೀಮೆಎಣ್ಣೆಗೆ ಅಲುಗಿದವು. ಹೊಸದನ್ನು ಕೂರಿಸಿದರಷ್ಟೇ ಸಾಲದು, ಸರಿಯಾದ ಎತ್ತರ ಯಾವುದೆಂದು ಅದಕ್ಕೆ ಕಲಿಸಬೇಕು. ಅದಕ್ಕಾಗಿ ಹುಬ್ಬಳ್ಳಿಯಿಂದ ಕಂಪ್ಯೂಟರ್ ಹಿಡಿದುಕೊಂಡು ಬಂದವರು "ಎಷ್ಟು ಇಡೂಣ್ರಿ?" ಎಂದರು. "ಕಂಪನಿ ಅಳತಿ ಎಷ್ಟೈತಿ ಅಷ್ಟ. ಒಂದ ಕೂದಲೆಳೀನೂ ಕಡಿಮಿ ಆಗಬಾರದು" ಎಂದು ನಾನೇ ಟೇಪು ಹಿಡಿದು ನಿಂತೆ. ಕೊನೆಗೆ ಬಾನೆಟ್ಟಿನ ಮೇಲೆ ಅಡ್ಡಲಾಗಿ ರಸಮಟ್ಟ ಇಟ್ಟೆ. ಗುಳ್ಳೆ ನಡುವೆ ಬಂದು ನಿಂತಿತು. ಶೈಲಾಳನ್ನು ಕೂಗಿ ಕರೆದು ತೋರಿಸಿದೆ. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ನೋಡಿ, "ನಾ ಹಡದಾಗ ಇಷ್ಟು ಖುಷಿ ಆಗಿದ್ದಿಲ್ಲ ನಿಮಗ" ಎಂದು ಒಳಗೆ ಹೋದಳು.

ತೊಟ್ಟಿಲ ಕಾರ್ಯದ ದಿನ ಬೆಳಿಗ್ಗೆ ಹೊಸ ಬಿಳಿ ಜುಬ್ಬಾ ಹಾಕಿಕೊಂಡು ಕಟಕೋಳಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೂ 'ಧಡ್' ಇಲ್ಲ. ಅಕ್ಕ ಇಳಕಲ್ ಸೀರೆ ಉಟ್ಟು, ಕೂಸಿಗೆ ತಾನೇ ಹೊಲಿದ ಕುಂಚಿಗೆಯ ಚೀಲ ಹಿಡಿದು ಸಿದ್ಧಳಾಗಿದ್ದಳು. ಹಿಂದಿನ ಬಾಗಿಲು ತೆಗೆದು, ಗಾಡಿ ಬಗ್ಗುವುದನ್ನು ಕಾಯುತ್ತ ನಿಂತಳು. ಗಾಡಿ ಬಗ್ಗಲಿಲ್ಲ. ಕಾಲೆತ್ತಿ ನೋಡಿದಳು, ಆಗಲಿಲ್ಲ. "ಯಾಕೋ ತಮ್ಮಾ, ಇದಕ್ಕ ಸೊಕ್ಕು ಬಂದೈತೇನು?" ಎಂದಳು. "ರಿಪೇರಿ ಮಾಡಿಸೇನಿ ಅಕ್ಕಾ" ಎಂದೆ. ಯಾರೋ ಸ್ಟೂಲ್ ತಂದಿಟ್ಟರು. ಅದು ಅವಳ ಭಾರಕ್ಕೆ ಕಿರ್ ಎಂದದ್ದೇ ಹೆದರಿ ಇಳಿದುಬಿಟ್ಟಳು. ಎತ್ತಿ ಕೂರಿಸಲು ಓಣಿಯ ಗಂಡಸರು ಮುಂದೆ ಬಂದಾಗ, "ನಾ ಏನ ಜ್ವಾಳದ ಚೀಲೇನು? ದೂರ ಸರೀರಿ" ಎಂದು ಗದರಿದಳು. ಆಮೇಲೆ ಕಟ್ಟೆಯ ಮೇಲೆ ಕೂತು, ಕುಂಚಿಗೆಯ ಚೀಲವನ್ನು ನನ್ನ ಕೈಗೆ ಕೊಟ್ಟಳು. "ನೀ ಹೋಗಪಾ. ಹೊತ್ತು ಮೀರತೈತಿ. ಯಾರರೆ ಹೆಸರ ಹೇಳಲಿ, ಕೂಸಿಗೆ ಛಲೋ ಆದ್ರ ಸಾಕು" ಎಂದು ಮುಖವನ್ನು ಅತ್ತ ಮಾಡಿಕೊಂಡಳು. ನನ್ನನ್ನು ಎತ್ತಿ ಆಡಿಸಿದವಳು ನನ್ನ ಮಗಳ ತೊಟ್ಟಿಲಿಗೆ ಬರಲಾಗದಂತೆ, ಅಳತೆ ಹಿಡಿದು ಮಾಡಿಸಿದವನು ನಾನೇ.

"ಅಕ್ಕಾ, ಏಳು. ಬಾಗಲಾ ಹಾಕಿ ಅಲ್ಲೇ ನಿಂದ್ರು. ಗಾಡಿಗೆ ಒಂದ ಮಾತು ಹೇಳತೇನಿ" ಎಂದೆ. ಇಂಜಿನ್ ಚಾಲೂ ಮಾಡಿ, ಅವಳಿಗೆ ಕಾಣದಂತೆ ಗಾಡಿಯ ಹಿಂದಕ್ಕೆ ಹೋಗಿ ಧೂಳಿನಲ್ಲಿ ಬೋರಲು ಬಿದ್ದೆ. ಮೈಯನ್ನು ಹೊರಗಿಟ್ಟು, ಕೈಯೊಂದನ್ನೇ ಎಡಚಕ್ರದ ಹಿಂದೆ ತೂರಿಸಿ, ಹೊಸ ಸೆನ್ಸರಿನ ಕಡ್ಡಿ ಬಿಡಿಸಿದೆ. ಅದರ ತೋಳನ್ನು ಕೆಳಗೆ ಎಳೆದು ಹಿಡಿದೆ. ಯಾವ ಸುಳ್ಳು ವರದಿಯನ್ನು ನಿಲ್ಲಿಸಲು ಇಷ್ಟೆಲ್ಲ ಒದ್ದಾಡಿದ್ದೆನೋ, ಅದೇ ಸುಳ್ಳನ್ನು ಈಗ ನನ್ನ ಕೈಯಾರೆ ಹೇಳಿಸಿದೆ. 'ಉಸ್' ಎಂದಿತು. "ಬಂತು ನೋಡು ಬುದ್ಧಿ!" ಎಂದು ಅಕ್ಕನ ದನಿ ಕೇಳಿತು, ಬಾಗಿಲು ತೆರೆಯಿತು, ಸೀಟು ಕಿರುಗುಟ್ಟಿತು. ಕಡ್ಡಿಯನ್ನು ಮತ್ತೆ ಸಿಕ್ಕಿಸಿ ಎದ್ದೆ.

ಮಗಳ ಕಿವಿಯಲ್ಲಿ ಹೆಸರು ಹೇಳಿದವಳು ಗೌರಕ್ಕನೇ. ಆಮೇಲೆ ಹೆಂಗಸರೆಲ್ಲ ಸುತ್ತ ಕೂತು, "ಇಂಥಾ ಕಾಲು ತಗೊಂಡು ಹ್ಯಾಂಗ ಬಂದ್ರಿ ಅಕ್ಕಾರ?" ಎಂದು ಕೇಳಿದರು. ಅಕ್ಕ ಕಿಟಕಿಯ ಕಡೆ ಕೈ ತೋರಿಸಿದಳು. "ಆ ಗಾಡಿಗೆ ಹಿರ್ಯಾರ ಮುಂದ ಹ್ಯಾಂಗ ಬಗ್ಗಬೇಕಂತ ಗೊತ್ತೈತ್ರೆವಾ. ಇಂವಗ ಗೊತ್ತಿಲ್ಲ. ನಾ ಹತ್ತೂ ಮುಂದ ಕೈ ಹಿಡೀಬೇಕನ್ನೂ ಖಬರಿಲ್ಲದ ಎಲ್ಲೋ ಹೋಗಿ ಅಡಗಿದ್ದ. ತಮ್ಮಾ, ಅದನ್ನ ನೋಡಿ ಕಲಿಯೋ!"

ಎಲ್ಲರೂ ನನ್ನ ಕಡೆ ತಿರುಗಿದರು. ಅಂಗಿ ಬದಲಿಸಲು ನನಗಿನ್ನೂ ಪುರುಸೊತ್ತು ಸಿಕ್ಕಿರಲಿಲ್ಲ. ಕೊರಳಿನಿಂದ ಮೊಣಕಾಲಿನವರೆಗೆ ಜುಬ್ಬಾದ ತುಂಬ ಕಟಕೋಳದ ಧೂಳು. "ಕಲೀತೇನಿ ಅಕ್ಕಾ" ಎಂದು ತಲೆ ತಗ್ಗಿಸಿದೆ.