ಚಿಕ್ಕಮ್ಮ ಉಣ್ಣದೆ ಕೂತ ಪಂಕ್ತಿ

ನಮ್ಮ ಚಿಕ್ಕಮ್ಮನಿಗೆ ಅಮೆರಿಕದ ತುಂಬ ನೆಂಟರು. ಒಂದೇ ತೊಂದರೆ ಏನೆಂದರೆ, ಅವರೆಲ್ಲ ತೀರಿಕೊಂಡು ನೂರೈವತ್ತು ವರ್ಷದ ಮೇಲಾಯಿತು!

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಮದುವೆಯಾಗಲಿಲ್ಲ. ಬಹರೈನ್‌ನ ಒಂದು ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಕಲಿಸುತ್ತಾರೆ. ಹಮದ್ ಟೌನಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇರುವುದು. ಎಷ್ಟೋ ವರ್ಷದ ಹಿಂದೆ ಪಾಠ ಮಾಡುತ್ತಾ ಮಾಡುತ್ತಾ ಅವರಿಗೆ ಹಳೆಯ ಅಮೆರಿಕದ ಸಮಾಜ ಸುಧಾರಕರ ಪರಿಚಯವಾಯಿತಂತೆ. ಹೆಂಡ ಬಿಡಿಸಲು ಹೊರಟವರು, ಗುಲಾಮಗಿರಿ ಕೊನೆಗಾಣಿಸಲು ಹೊರಟವರು, ಜೈಲು ಸರಿ ಮಾಡಲು, ಹುಚ್ಚಾಸ್ಪತ್ರೆ ಸರಿ ಮಾಡಲು, ಕೊನೆಗೆ ಜನರ ಹೊಟ್ಟೆ ಸರಿ ಮಾಡಲು ಹೊರಟವರು! ಪಾಠ ಮುಗಿಯಿತು, ಪರೀಕ್ಷೆ ಮುಗಿಯಿತು, ಆ ಮಕ್ಕಳಿಗೆ ಮಕ್ಕಳೂ ಆದವು. ಚಿಕ್ಕಮ್ಮನಿಗೆ ಮಾತ್ರ ಅವರೆಲ್ಲ ಇಂದಿಗೂ ‘ನಮ್ಮವರು’. “ನಮ್ಮವರು ಚಾ ಕುಡೀತಿರ್ಲಿಲ್ಲ” ಎಂದು ಅವರು ಹೇಳಿದರೆ, ಕೇಳಿದವರು ಅದು ನಮ್ಮ ಕುಂದಾಪುರದ ಮನೆತನದ ಕ್ರಮ ಎಂದೇ ತಿಳಿಯುತ್ತಾರೆ.

ಇಂಥವರ ಜೊತೆ ಬದುಕುವುದೆಂದರೆ ಏನೆಂದು ನಿಮಗೆ ಹೇಗೆ ಹೇಳಲಿ? ‘ನಮ್ಮವರಲ್ಲಿ’ ಒಬ್ಬ ಪಾದ್ರಿ, ಖಾರ ಬಿಟ್ಟು ಜರಡಿ ಹಿಡಿಯದ ಹಿಟ್ಟಿನ ರೊಟ್ಟಿ ತಿಂದರೆ ಮನುಷ್ಯನ ಗುಣವೇ ಬದಲಾಗುತ್ತದೆ ಎಂದು ಊರೂರು ಸಾರಿದ್ದನಂತೆ. ಅದಕ್ಕೆ ನಮ್ಮ ಮನೆಯಲ್ಲಿ ಮೀನಿನ ಸಾರಿಗೆ ಮೆಣಸು ಬಂದ್! ಬೀದಿಯ ಖುಬ್ಜ್ ರೊಟ್ಟಿಯ ಒಲೆಯವನ ಹತ್ತಿರ ಚಿಕ್ಕಮ್ಮ ಒಂದು ಚೀಲ ಗೋಧಿ ತೌಡು ಹೊತ್ತುಕೊಂಡು ಹೋಗಿ, ಇದನ್ನು ಕಲಸಿ ರೊಟ್ಟಿ ಸುಡು ಎಂದರು. ಅವನು ಪಾಪ, ಚೀಲದೊಳಗೆ ಕೈ ಹಾಕಿ ನೋಡಿ, “ಮೇಡಂ, ಆಪ್ ಕೆ ಘರ್ ಮೇ ಬಕ್ರೀ ಹೈ ಕ್ಯಾ?” ಎಂದು ಕೇಳಿದ. ಅವನು ಆಡಿನ ಮೇವು ಎಂದುಕೊಂಡದ್ದನ್ನು ಒಂದು ತಿಂಗಳು ತಿಂದವನು ನಾನು. ನನ್ನ ಗುಣ ಬದಲಾದದ್ದು ನಿಜ, ವಿಪರೀತ ಸಿಟ್ಟು ಬರತೊಡಗಿತು.

ಇನ್ನೊಂದು ಸಲ ಹೆಂಡದ ವಿರುದ್ಧ ಮಕ್ಕಳ ‘ತಣ್ಣೀರ ಸೇನೆ’. ಅಮೆರಿಕದಲ್ಲಿ ಅಂಥದ್ದೊಂದು ಇತ್ತಂತೆ. ನಮ್ಮ ಬಿಲ್ಡಿಂಗಿನ ಮಕ್ಕಳನ್ನೆಲ್ಲ ಸಾಲು ಕಟ್ಟಿಸಿ, ಕೈಗೆ ನೀರಿನ ಲೋಟ ಕೊಟ್ಟು, ರೌಂಡಬೌಟ್ ಸುತ್ತಿಸಿಯೇ ಬಿಟ್ಟರು. ಜುಲೈ ತಿಂಗಳು, ಸ್ವಾಮಿ! ಬಹರೈನ್‌ನ ನಲ್ಲಿಯಲ್ಲಿ ಆಗ ಬರುವ ನೀರಿಗೆ ಚಾಪುಡಿ ಹಾಕಿದರೆ ಚಾ ಆಗುತ್ತದೆ. ಪೊಲೀಸ್ ಗಾಡಿ ಬಂದು ಪಕ್ಕದಲ್ಲೇ ನಿಂತಿತು. ಒಳಗಿದ್ದವನು ಕಿಟಕಿ ಇಳಿಸಿ ಇದೇನು ಮೆರವಣಿಗೆ ಎಂದು ಕೇಳಿದ. ನನ್ನ ಜೀವ ಬಾಯಿಗೆ ಬಂತು. ಚಿಕ್ಕಮ್ಮ ಸಲಾಂ ಹೇಳಿ ಅವನ ಕೈಗೇ ಒಂದು ಲೋಟ ಕೊಟ್ಟರು! ಒಂದು ಗುಟುಕು ಕುಡಿದವನು ಮುಖ ಹಿಂಡಿ, ಮಕ್ಕಳನ್ನು ಎಸಿಯೊಳಗೆ ಕರೆದುಕೊಂಡು ಹೋಗಿ ಎಂದು ಹೇಳಿ ಹೊರಟುಹೋದ. ನಾನು ಒಂದು ವಾರ ಆ ರೌಂಡಬೌಟಿನ ಕಡೆ ತಲೆ ಹಾಕಲಿಲ್ಲ.

ಇಷ್ಟಾದರೂ ನಾನು ನಗುತ್ತಲೇ ಇದ್ದೆ. ನಗು ನಿಂತದ್ದು ಗಿರಿಜಕ್ಕನ ವಿಷಯ ಬಂದಾಗ.

ಗಿರಿಜಕ್ಕ ನಮ್ಮ ಧಣಿಗಳ ಮನೆಯ ಅಡುಗೆಯವಳು, ನಮ್ಮ ಕಡೆಯವಳೇ. ಧಣಿಗಳು ಎಂದರೆ ನಾನು ಕೆಲಸ ಮಾಡುವ ಕಂಪನಿಯ ಮಾಲೀಕರು, ಅವರೂ ನಮ್ಮೂರಿನವರೇ. ನನ್ನ ವೀಸಾ ಅವರ ಕೈಯಲ್ಲಿ. ಗಿರಿಜಕ್ಕನ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ. ಊರಿನಲ್ಲಿ ಅವಳ ಒಬ್ಬಳೇ ಮಗಳು ಚೊಚ್ಚಲ ಬಸುರಿ. ಗಂಡನ ಮನೆಯಲ್ಲಿ ನೋಡುವವರಿಲ್ಲ, ಡಾಕ್ಟರು ಬೇರೆ ಜಾಗ್ರತೆ ಎಂದಿದ್ದರು. ಗಿರಿಜಕ್ಕ ಊರಿಗೆ ಹೋಗುತ್ತೇನೆ ಎಂದಾಗಲೆಲ್ಲ ಧಣಿಗಳು ನಗುನಗುತ್ತಲೇ, “ಹೋಗುವಿಯಂತೆ, ರಂಜಾನ್ ಮುಗೀಲಿ” ಎನ್ನುತ್ತಿದ್ದರು. ರಂಜಾನ್ ಮುಗಿಯಿತು. “ನನ್ನ ಮಗಳ ಎಂಗೇಜ್‌ಮೆಂಟ್ ಒಂದು ಕಳೀಲಿ.” ಅದರ ಬೆನ್ನಿಗೆ ಮದುವೆ ಎಂಬುದು ಯಾರಿಗೆ ಗೊತ್ತಿರಲಿಲ್ಲ?

ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಕಂಪ್ಲೇಂಟ್ ಕೊಡುವ ಎಂದು ಚಿಕ್ಕಮ್ಮ ಹೇಳಿ ನೋಡಿದರು. ಗಿರಿಜಕ್ಕ ಕೈ ಮುಗಿದಳು. “ಬೇಡ ಟೀಚರಮ್ಮ. ಕೇಸು ಗೀಸು ಅಂದ್ರೆ ತಿಂಗಳುಗಟ್ಟಲೆ ಎಳೀತದೆ. ಅಷ್ಟರೊಳಗೆ ನನ್ನ ಮಗಳಿಗೆ ನೋವು ಬಂದಾಗ್ತದೆ.”

ಆ ದಿನದಿಂದ ಚಿಕ್ಕಮ್ಮ ಚಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟರು. ಗುಲಾಮರ ಕೈಯಲ್ಲಿ ಮಾಡಿಸಿದ ಸಕ್ಕರೆ ತಿನ್ನುವುದಿಲ್ಲ, ಬೆಳೆಸಿದ ಹತ್ತಿಯ ಬಟ್ಟೆ ಉಡುವುದಿಲ್ಲ ಎಂದು ಹಠ ಹಿಡಿದ ಹೆಂಗಸರು ‘ನಮ್ಮವರಲ್ಲಿ’ ಇದ್ದರಂತೆ. “ಅವರು ಯಾರಿಗೂ ಬೈಲಿಲ್ಲ ಮಾರಾಯ. ಬೇಡ ಅಂದ್ರು, ಅಷ್ಟೇ.” ಅವರು ಹಾಗೆ ಹೇಳುವಾಗ ನಾನು ಸಕ್ಕರೆ ಡಬ್ಬಿಯನ್ನು ಅವರ ಹತ್ತಿರ ಸರಿಸಿ ನೋಡಿದೆ. ಯಾಕೆಂದರೆ ಎಂಗೇಜ್‌ಮೆಂಟಿನ ಕರೆಯೋಲೆ ನಮ್ಮ ಮನೆಗೂ ಬಂದಿತ್ತು.

ಹೋಗುವಾಗ ಕಾರಿನಲ್ಲಿ ನಾನು ಬೇಡಿಕೊಂಡೆ. “ಚಿಕ್ಕಮ್ಮ, ನಿಮ್ಮ ದಮ್ಮಯ್ಯ. ಅಲ್ಲಿ ಎಂತದ್ದೂ ಮಾಡ್ಬೇಡಿ. ನನ್ನ ವೀಸಾ ರಿನ್ಯೂವಲ್‌ಗೆ ಉಂಟು.”

“ಎಂತದ್ದೂ ಮಾಡುದಿಲ್ಲ” ಎಂದರು.

ಕೊಟ್ಟ ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಗಿತ್ತಿ! ಧಣಿಗಳ ಅಂಗಳದಲ್ಲಿ ಟೆಂಟು, ಉದ್ದುದ್ದ ಮೇಜು, ಬಾಳೆಲೆಯ ಊಟ. ಮೊದಲ ಪಂಕ್ತಿಯಲ್ಲೇ ಗಂಡಿನ ಕಡೆಯವರ ಎದುರು ನಮಗೆ ಜಾಗ. ಉಪ್ಪು, ಉಪ್ಪಿನಕಾಯಿ, ಪಲ್ಯ, ಅನ್ನ, ಸಾರು, ಒಂದರ ಹಿಂದೆ ಒಂದು ಬಂತು. ಚಿಕ್ಕಮ್ಮ ಎಲ್ಲವನ್ನೂ ಬಡಿಸಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತರು.

ನಮ್ಮ ಪಂಕ್ತಿಯ ಕ್ರಮ ಗೊತ್ತಲ್ಲ ನಿಮಗೆ? ಸಾಲಿನಲ್ಲಿ ಒಬ್ಬರ ಊಟ ಬಾಕಿ ಇದ್ದರೂ ಇನ್ನೊಬ್ಬರು ಏಳುವ ಹಾಗಿಲ್ಲ. ಈ ಹೆಂಗಸು ಉಣ್ಣುವುದೂ ಇಲ್ಲ, ಏಳುವುದೂ ಇಲ್ಲ! ಸಾಂಬಾರಿನವನು ಬಂದು ಎಲೆ ನೋಡಿ ಮುಂದೆ ಹೋದ. ಪಾಯಸದವನು ಬಂದು ಸೌಟು ಹಿಡಿದು ನಿಂತೇಬಿಟ್ಟ. ಟೆಂಟಿನ ಬಾಗಿಲಲ್ಲಿ ಎರಡನೇ ಪಂಕ್ತಿಯವರು ಹಸಿದು ನಿಂತಿದ್ದರು.

ಅಷ್ಟರಲ್ಲಿ ಧಣಿಗಳು ಕೈ ಮುಗಿದುಕೊಂಡು, “ನಿಧಾನ ಊಟ ಮಾಡಿ, ಸಾವಕಾಶ ಆಗಲಿ” ಎನ್ನುತ್ತಾ ಸಾಲಿನುದ್ದಕ್ಕೆ ಬಂದರು. ಚಿಕ್ಕಮ್ಮನ ಎಲೆಯ ಎದುರು ನಿಂತರು.

“ಎಂತ ಟೀಚರೇ, ಕೈಯೇ ಹಾಕ್ಲಿಲ್ಲ? ಉಪ್ಪು ಕಮ್ಮಿ ಉಂಟಾ?”

“ಅಡುಗೆ ಘಮಘಮ ಅಂತ ಉಂಟು” ಎಂದರು ಚಿಕ್ಕಮ್ಮ, ಮೆತ್ತಗೆ. “ಮಾಡಿದವಳ ಪಾಸ್‌ಪೋರ್ಟ್ ನಿಮ್ಮ ಕಪಾಟಿನಲ್ಲಿ ಉಂಟಲ್ಲ, ಅದಕ್ಕೆ ಅನ್ನ ಇಳಿಯುದಿಲ್ಲ. ಅವಳ ಮಗಳಿಗೆ ದಿನ ತುಂಬಿದೆ.”

ಧಣಿಗಳು ನಕ್ಕರು. ಆ ನಗು ಕಣ್ಣಿನವರೆಗೆ ಹೋಗಲಿಲ್ಲ. “ಅದು ನಾನು ಭದ್ರ ಇಟ್ಟದ್ದು ಟೀಚರೇ. ಕಳೆದುಹೋಗ್ಬಾರ್ದು ಅಂತ.”

“ಹೌದಾ? ಹಾಗಾದ್ರೆ ನಿಮ್ಮ ಪಾಸ್‌ಪೋರ್ಟ್ ಗಿರಿಜಳ ಕೈಯಲ್ಲಿ ಕೊಡಿ. ಅವಳೂ ಭದ್ರ ಇಡ್ತಾಳೆ.”

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಧಣಿಗಳ ಮುಖ ಕೆಂಪಾಯಿತು. ಅವರು ಚಿಕ್ಕಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದರು. “ನೀನು ಉಣ್ಣು ಮಾರಾಯ. ನಿನಗೆಂತ ಆಯ್ತು?”

ನನ್ನ ಕೈ ಕಲಸಿದ ಅನ್ನದಲ್ಲಿತ್ತು. ಒಂದು ತುತ್ತು ಎತ್ತಿದರೆ ಮುಗಿಯಿತು, ನನ್ನ ಕೆಲಸ ಉಳಿಯಿತು. ಎಂಥ ಸುಲಭ! ಚಿಕ್ಕಮ್ಮ ನನ್ನ ಕಡೆ ನೋಡಲೂ ಇಲ್ಲ. ಟೆಂಟಿನ ಮೂಲೆಯಲ್ಲಿ ಗಿರಿಜಕ್ಕ ನಿಂತಿದ್ದಳು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು. ನಾನು ಕೈಯನ್ನು ಎಲೆಯಿಂದ ತೆಗೆದುಬಿಟ್ಟೆ. ಪಾಯಸದವನು ಇನ್ನೂ ಅಲ್ಲೇ ಇದ್ದ, ಗೋಡಂಬಿ ಹಾಕಿದ ಪಾಯಸ!

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಎದುರು ಕೂತಿದ್ದ ಗಂಡಿನ ಅಜ್ಜಿ ಅನ್ನದಿಂದ ಕೈ ತೆಗೆದು, ಧಣಿಗಳನ್ನೇ ನೋಡುತ್ತಾ ಹೇಳಿದರು: “ಬಾಣಂತನಕ್ಕೆ ಹೋಗುವವಳನ್ನು ಕಟ್ಟಿ ಹಾಕಿದ ಮನೆಯ ಊಟ ನನಗೂ ಬೇಡ. ಅವಳದ್ದು ಅವಳಿಗೆ ಕೊಡಿ. ಮತ್ತೆ ಉಣ್ಣುವ.”

ಬೀಗರ ಮನೆಯ ಹಿರಿತಲೆ! ಧಣಿಗಳು ಒಂದು ಗಳಿಗೆ ನಿಂತು, ಒಳಗೆ ಹೋದರು. ಹೊರಗೆ ಬಂದವರು ಪಾಸ್‌ಪೋರ್ಟನ್ನು ಗಿರಿಜಕ್ಕನ ಕೈಗಿಟ್ಟು, ಯಾರ ಮುಖವನ್ನೂ ನೋಡದೆ ಹೋದರು. ಚಿಕ್ಕಮ್ಮ ಆರಿದ ಅನ್ನವನ್ನು ಸಾರಿನ ಜೊತೆ ಕಲಸಿಕೊಂಡು, ಒಂದಗುಳೂ ಬಿಡದೆ ಉಂಡರು.

ಆ ವಾರವೇ ಗಿರಿಜಕ್ಕ ಮಂಗಳೂರಿನ ವಿಮಾನ ಹತ್ತಿದಳು. ಅವಳು ಊರು ಮುಟ್ಟಿದ ಮಾರನೆಯ ದಿನ ಮೊಮ್ಮಗಳು ಹುಟ್ಟಿದಳು. ಸಂಜೆ ವಿಡಿಯೋ ಕಾಲ್ ಬಂತು. “ಟೀಚರಮ್ಮ, ನೋಡಿ, ಇಲ್ಲಿ ನೋಡಿ” ಎಂದು ಗಿರಿಜಕ್ಕ ಫೋನನ್ನು ತೊಟ್ಟಿಲಿಗೆ ಹಿಡಿದಳು. ಕೆಂಪು ಮುಷ್ಟಿಯೊಂದು ಬಟ್ಟೆಯೊಳಗಿಂದ ಹೊರಗೆ ಬಂದಿತ್ತು. ಮಗಳು ಹೇಗಿದ್ದಾಳೆ, ಗಂಜಿ ಕುಡಿದಳಾ ಎಂದು ಚಿಕ್ಕಮ್ಮ ವಿಚಾರಿಸಿದರು. ಈ ಸಲ ಅಮೆರಿಕದ ಹೆಸರೇ ಎತ್ತಲಿಲ್ಲ.

ನನ್ನ ರಿನ್ಯೂವಲ್ ಬಗ್ಗೆ ಧಣಿಗಳು ಆವರೆಗೆ ಹೌದು ಎಂದಿರಲಿಲ್ಲ, ಅಲ್ಲ ಎಂದೂ ಹೇಳಿರಲಿಲ್ಲ. ಆಫೀಸಿನಲ್ಲಿ ಎದುರು ಸಿಕ್ಕರೆ ಬೇರೆ ಕಡೆ ನೋಡುತ್ತಿದ್ದರು. ಅದು ಚಿಕ್ಕಮ್ಮನಿಗೂ ಗೊತ್ತಿತ್ತು.

“ಅವತ್ತು ಪಂಕ್ತಿಯಲ್ಲಿ ನನಗೆ ಹೆದರಿಕೆ ಆಗಿತ್ತು ಮಾರಾಯ” ಎಂದರು ಚಿಕ್ಕಮ್ಮ, ಫೋನ್ ಬದಿಗಿಟ್ಟು. “ನಿನ್ನ ಕೆಲಸ ಹೋದ್ರೆ ಎಂತ ಗತಿ ಅಂತ ಅದೊಂದೇ ತಲೆಯಲ್ಲಿ. ಮನಸ್ಸಿನಲ್ಲೇ ಹೇಳ್ತಾ ಇದ್ದೆ, ಇವ ಉಣ್ಲಿ, ಇವ ಉಣ್ಲಿ ಅಂತ. ನಿನ್ನ ಕಡೆ ನೋಡಿದ್ರೆ ಎಲ್ಲಿ ಉಣ್ಣುದು ನಿಲ್ಲಿಸ್ತೀಯೋ ಅಂತ ನೋಡ್ಲೂ ಇಲ್ಲ. ನೀನು ಯಾಕೆ ಕೈ ತೆಗೆದೆ?”

ಅಂಥ ದೊಡ್ಡ ಕಾರಣ ನನ್ನ ಹತ್ತಿರ ಯಾವುದೂ ಇರಲಿಲ್ಲ. ಇದ್ದದ್ದನ್ನೇ ಹೇಳಿದೆ.

“ನೀವು ಹಸಿದು ಕೂತಿದ್ರಿ ಚಿಕ್ಕಮ್ಮ. ನಾನು ಹೇಗೆ ಉಣ್ಣುದು?”

ಅವರು ನನ್ನ ಬಲಗೈಯನ್ನು ಎಳೆದು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡು, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.