ಸೋಡಚೀಟಿಗೆ ಒಳ್ಳೆಯ ದಿನ

ಎಪ್ಪತ್ತೊಂಬತ್ತನೇ ಇಸವಿಯ ಒಂದು ಮಂಗಳವಾರ ಬೆಳಿಗ್ಗೆ ದುರ್ಗಪ್ಪನ ಒಂಬತ್ತು ವರ್ಷದ ಸಂಸಾರ ಬಂಗಡೆ ಸಾರಿನ ಮಡಕೆಯಲ್ಲಿ ಮುಳುಗಿತು. ಮೀನುಸಾರು ಮಾಡಿದ ದಿನಕ್ಕಿಂತ ಮರುದಿನದ ಗಂಜಿಗೇ ರುಚಿ ಎಂಬುದು ಹೊನ್ನಾವರದ ಬಂದರ ಕೇರಿಯಲ್ಲಿ ಹಸುಗೂಸಿಗೂ ಗೊತ್ತು. ಅದಕ್ಕೆಂದೇ ದುರ್ಗಪ್ಪ ಎರಡು ತುಂಡು ಉಳಿಸಿ, ತಾನೇ ಮುಚ್ಚಳ ಹಾಕಿ ಇಟ್ಟಿದ್ದ. ಗಂಜಿ ಬಡಿಸಿಕೊಂಡು ಮುಚ್ಚಳ ತೆಗೆದರೆ ಒಳಗೆ ಮುಳ್ಳು ಮಾತ್ರ ಇತ್ತು.

"ನಾ ಉಂಡೆ ಭಾವ," ಎಂದ ಹೆಂಡತಿಯ ತಮ್ಮ ಮಂಜ. "ಹಾಳಾಗಿ ಹೋತದೆ ಹೇಳಿ."

ಈ ಮಂಜ ದೀಪಾವಳಿಗೆ ನಾಲ್ಕು ದಿನ ಇದ್ದು ಹೋಗಲು ಭಟ್ಕಳದಿಂದ ಬಂದವನು. ಈಗ ಆಷಾಢ. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುವ ಪುಣ್ಯಾತ್ಮ. ಹಾಗಾಗಿ ನೆಲದ ಮೇಲೆಯೇ, ಅದರಲ್ಲೂ ಭಾವನ ಮನೆಯ ನೆಲದ ಮೇಲೆಯೇ ಇದ್ದ. ಭಾವನೆಂದರೆ ಅವನಿಗೆ ಪ್ರಾಣ. ಭಾವ ಪೇಪರು ಬಿಡಿಸಿದರೆ ಹೆಗಲ ಹಿಂದಿನಿಂದ ತಾನೂ ಓದುವ, ಭಾವ ಪೇಟೆಗೆ ಹೊರಟರೆ ಚೀಲ ಹಿಡಿದು ಬೆನ್ನು ಹತ್ತುವ. ಎಂಟು ತಿಂಗಳಲ್ಲಿ ದುರ್ಗಪ್ಪ ಒಬ್ಬನೇ ಇದ್ದದ್ದೆಂದರೆ ಬಚ್ಚಲಲ್ಲಿ. ಅಲ್ಲಿಗೂ ಮಂಜ ಬಾಗಿಲ ಹೊರಗೆ ನಿಂತು ಮಾತಾಡುತ್ತಿದ್ದ.

"ಕಮಲೀ, ಈ ಮನೇಲಿ ಅವ ಇರಬೇಕು, ಇಲ್ಲ ನಾ ಇರಬೇಕು!"

ಕಮಲಿ ಒಲೆಯ ಬೂದಿ ತೆಗೆಯುತ್ತಲೇ, "ಪಾಪ, ಈ ಮಳೆಗಾಲದಲ್ಲಿ ಅವ ಎಲ್ಲಿ ಹೋತ?" ಎಂದಳು.

"ಹಂಗಾರೆ ನಾ ಸೋಡಚೀಟಿ ಕೊಡ್ತೆ!"

"ಕೊಡಿ. ಅಕ್ಕಿ ಮುಗಿದದೆ, ಬರುವಾಗ ಅದನ್ನೂ ತನ್ನಿ."

ಸೋಡಚೀಟಿಯೆಂದರೆ ಗಂಡ ಹೆಂಡತಿಯನ್ನು ಬಿಟ್ಟೆನೆಂದು ಬರೆದುಕೊಡುವ ಕಾಗದ. ಕಮಲಿ ಎರಡು ಹನಿ ಕಣ್ಣೀರು ಹಾಕಿದ್ದರೆ ದುರ್ಗಪ್ಪ ಅಲ್ಲಿಗೇ ಬಿಡುತ್ತಿದ್ದನೇನೋ. ಅಕ್ಕಿಯ ಮಾತು ಬಂದದ್ದರಿಂದ ಅವನಿಗೆ ನಿಜವಾಗಿ ಸಿಟ್ಟು ಬಂತು. ಕೊಡೆ ಬಿಡಿಸಿ ಹೊರಬಿದ್ದ.

ಪಕ್ಕದ ಮನೆಯ ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ ಸುಕ್ರಜ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಯಾವಾಗ ಕೊಡ್ತಿ ತಮ್ಮಾ ಸೋಡಚೀಟಿ?"

"ಇವತ್ತೇ."

"ಆಷಾಢದಲ್ಲಿ ಯಾರಾರೂ ಒಳ್ಳೆ ಕೆಲಸ ಸುರು ಮಾಡ್ತರಾ?"

"ಇದು ಒಳ್ಳೆ ಕೆಲಸ ಅಲ್ಲ ಅಜ್ಜಿ."

"ಕೆಟ್ಟ ಕೆಲಸ ಆದ್ರೆ ಯಾವ ತಿಂಗಳಲ್ಲೂ ಮಾಡುಕಾಗ." ಅಜ್ಜಿ ಬಲೆ ಬದಿಗಿಟ್ಟಳು. "ನೂಲ ಹುಣ್ಣಿಮೆ ಕಳೀಲಿ. ನಮ್ಮ ಹೊಸ ದೋಣಿ ಪೂಜೆಗೆ ನೀವಿಬ್ರೇ ಕೂರೂದು ಹೇಳಿ ಭಟ್ರಿಗೆ ಆಗ್ಲೇ ಹೇಳಿದ್ದೆ. ಈಗ ಬೇರೆ ಗಂಡ ಹೆಂಡ್ರನ್ನ ನಾ ಎಲ್ಲಿಂದ ತರ್ಲಿ?"

ಬಂದರ ಕಛೇರಿಯಲ್ಲಿ ಗುಮಾಸ್ತ ದುರ್ಗಪ್ಪ ಅರ್ಧ ದಿನದ ರಜೆಗೆ ಅರ್ಜಿ ಬರೆದ. ಕಾರಣ ಬರೆಯದೆ ವಿಧಿಯಿರಲಿಲ್ಲ. ಟೈಪಿಸ್ಟ್ ವನಮಾಲಾಬಾಯಿ ಅದನ್ನು ಗಟ್ಟಿಯಾಗಿ ಓದಿ, "ಅಯ್ಯೋ ದುರ್ಗಪ್ಪನವರೇ, ಕ್ವಾರ್ಟರ್ಸ್ ಲಿಸ್ಟು ಚೌತಿ ಹೊತ್ತಿಗೆ ಬರ್ತದೆ, ಸಂಸಾರಸ್ಥರಿಗೇ ಮೊದಲು. ಮನೆ ಸಿಕ್ಕಿದ ಮೇಲೆ ಹೆಂಡತಿ ಬಿಟ್ಟರಾಗದಾ?" ಎಂದರು. ಹೆಡ್ ಕ್ಲಾರ್ಕರು ದೀಪಾವಳಿ ಕಳೆಯಲಿ ಎಂದರು. ಕಮಲಿ ಹಾಕುವ ಸಿಗಡಿ ಉಪ್ಪಿನಕಾಯಿ ಪ್ರತಿ ವರ್ಷ ಹಬ್ಬಕ್ಕೆ ಅವರ ಮನೆಗೆ ಹೋಗುತ್ತಿತ್ತು. ಚಾ ತಂದ ಜವಾನನೊಬ್ಬನೇ ಧೈರ್ಯ ಕೊಟ್ಟ. ಮಂಗಳವಾರ ಒಂದು ಬಿಟ್ಟು ಯಾವ ದಿನವಾದರೂ ಅಡ್ಡಿಯಿಲ್ಲವಂತೆ.

ಹೆಂಡತಿ ತನ್ನವಳೋ ತಾಲೂಕಿನವಳೋ ಎಂದು ದುರ್ಗಪ್ಪನಿಗೇ ಸಂಶಯ ಬಂತು. ಇನ್ನೊಬ್ಬರು ಬಾಯಿ ತೆರೆಯುವ ಮೊದಲೇ ಅವನು ತ್ರ್ಯಂಬಕ ಹೆಗಡೆ ವಕೀಲರ ಮೆಟ್ಟಿಲು ಹತ್ತಿದ.

ವಕೀಲರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು, "ಹೆಂಡತಿ ಹೊಡೀತಾಳಾ?"

"ಇಲ್ಲ."

"ಬಿಟ್ಟು ಹೋಗಿದ್ದಾಳಾ?"

"ಹೋಗೂದೇ ಇಲ್ಲ."

"ನೀನು ಹೊಡೀತೀಯಾ?"

"ನಾ ಹೊಡೀತೆ ಹೇಳಿದ್ರೆ ಕೋರ್ಟು ನಂಬ್ತದಾ ಸ್ವಾಮೀ?"

ವಕೀಲರು ಅವನನ್ನು ಮೇಲಿಂದ ಕೆಳಗೆ ನೋಡಿ, ನಂಬುವುದಿಲ್ಲ ಎಂದು ಒಪ್ಪಿದರು. "ಹಾಗಾದ್ರೆ ಒಂದೇ ದಾರಿ ಮಾರಾಯಾ. ಮೂರು ವರ್ಷದ ಹಿಂದೆ ಕಾಯದೆ ಬದಲಾಗಿದೆ. ಇಬ್ಬರೂ ಒಪ್ಪಿ ಅರ್ಜಿ ಹಾಕಬಹುದು. ಆದರೆ ಅದಕ್ಕೆ ಮೊದಲು ಒಂದು ವರ್ಷ ಬೇರೆ ಬೇರೆ ಇರಬೇಕು."

"ವರ್ಷ ಯಾವಾಗಿಂದ ಲೆಕ್ಕ?"

"ನೀನು ಮನೆಯಿಂದ ಹೊರಟ ದಿನದಿಂದ. ಇವತ್ತು ಹೊರಟರೆ ಮುಂದಿನ ಆಷಾಢಕ್ಕೆ ಅರ್ಜಿ. ಮತ್ತೆ, ನಿಜವಾಗಿ ಬೇರೆ ಇದ್ದಿರಿ ಅನ್ನೋದಕ್ಕೆ ಸಾಕ್ಷಿ ಬೇಕಾದೀತು. ಹೆಂಡತಿ ಕಡೆಯವರೇ ಯಾರಾದರೂ ಆದ್ರೆ ಗಟ್ಟಿ, ನಾಳೆ ತಕರಾರು ಬರೋದಿಲ್ಲ."

ದುರ್ಗಪ್ಪ ಸಾಕ್ಷಿಯ ಮಾತಿಗೆ ತಲೆಯೇ ಕೆಡಿಸಿಕೊಳ್ಳಲಿಲ್ಲ. ಒಂದು ವರ್ಷ ಒಬ್ಬನೇ! ಒಬ್ಬನೇ ಏಳುವುದು, ಒಬ್ಬನೇ ಪೇಪರು ಓದುವುದು! ಈ ಕಾಯದೆ ಮಾಡಿದವರ ಮನೆಯಲ್ಲೂ ಒಬ್ಬ ಭಾವಮೈದ ಇದ್ದಿರಬೇಕು ಎಂದುಕೊಂಡ. ದಾರಿಯಲ್ಲೇ, ತೆಂಗಿನಕಾಯಿ ಮಂಡಿಯ ಮಾಳಿಗೆಯ ಮೇಲೊಂದು ಕೋಣೆ ಗೊತ್ತುಮಾಡಿದ. ಅಕ್ಕಿಯನ್ನೂ ತಗೊಂಡ. ಕೊನೆಯ ಅಕ್ಕಿ ಎಂದು ಒಂದು ಸೇರು ಹೆಚ್ಚೇ ತಗೊಂಡ.

ಮನೆಗೆ ಬಂದರೆ ಜಗಲಿ ತುಂಬ ಜನ. ನಡುವೆ ಸುಕ್ರಜ್ಜಿ. ದುರ್ಗಪ್ಪ ನಿಂತಲ್ಲೇ ವಕೀಲರು ಹೇಳಿದ್ದನ್ನೆಲ್ಲ ಹೇಳಿದ, ಎಲ್ಲ ಹೇಳುವ ಭರದಲ್ಲಿ ಸಾಕ್ಷಿಯದನ್ನೂ ಹೇಳಿದ.

ಕಮಲಿ ಅಕ್ಕಿಯ ಚೀಲ ಇಳಿಸಿಕೊಂಡು, "ಆತು. ವರ್ಷ ಕಳೆದ ಮೇಲೆ ಸಹಿ ಹಾಕ್ತೆ," ಎಂದಳು. ಅವಳ ದನಿ ನಡುಗಿತು. ದುರ್ಗಪ್ಪ ಮಡಚಿದ ಕೊಡೆಯನ್ನು ಮತ್ತೆ ಬಿಡಿಸಿ ಮಡಚಿದ. ಒಂಬತ್ತು ವರ್ಷ ಕಡಿಮೆಯೇನಲ್ಲ. ಆದರೆ ಕೇರಿಯೆಲ್ಲ ನೋಡುತ್ತಿರುವಾಗ ಹಿಂದೆ ಸರಿಯುವುದು ಹೇಗೆ? ಟ್ರಂಕು ತುಂಬತೊಡಗಿದ.

"ಸಾಕ್ಷಿ ಯಾರಾ?" ಎಂದಳು ಸುಕ್ರಜ್ಜಿ.

"ನಂಗೆ ಮಂಜನ ಬಿಟ್ರೆ ಮತ್ಯಾರಿದ್ರು?" ಕಮಲಿ ಕಣ್ಣೊರೆಸಿಕೊಂಡಳು. "ಅವ ಇವರ ಸಂಗಡ ಇರ್ಲಿ. ಇಲ್ಲದಿದ್ರೆ ನಾ ಸಹಿ ಹಾಕೂದಿಲ್ಲ."

ದುರ್ಗಪ್ಪನ ಕೈಯಿಂದ ಮಡಚಿದ ಪಂಚೆ ಬಿತ್ತು. "ಸಂಗಡ ಎಂತಕೆ? ವಾರಕ್ಕೊಂದ್ಸಲ ಬಂದು ನೋಡಿ ಹೋದ್ರೆ ಸಾಕು!"

"ಉಳಿದ ಆರು ದಿನ ನೀ ಇಲ್ಲಿಗೆ ಬಂದು ಉಂಡು ಹೋದ್ರೆ ಅವ ಕೋರ್ಟಿಗೆ ಎಂತ ಹೇಳೂದು?" ಎಂದಳು ಅಜ್ಜಿ. ಜಗಲಿಯವರೆಲ್ಲ ಹೌದು ಹೌದು ಎಂದರು. ಅಜ್ಜಿ ಕೋರ್ಟು ನೋಡಿದವಳಲ್ಲ, ಆದರೆ ಮಾತಿಗೆ ಎದುರು ಹೇಳುವಂತಿರಲಿಲ್ಲ.

ಅಷ್ಟರಲ್ಲಿ ಮಂಜ ಚಾಪೆ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಬಂದೇಬಿಟ್ಟ. ಅವನ ಕಣ್ಣು ಕೆಂಪಾಗಿತ್ತು. "ನನ್ನಿಂದ ಇಷ್ಟೆಲ್ಲ ಆತು ಭಾವ. ನಿಮ್ಮ ಒಬ್ಬರನ್ನೇ ಬಿಡೂದಿಲ್ಲ. ವರ್ಷ ಆಗ್ಲಿ, ಎರಡು ವರ್ಷ ಆಗ್ಲಿ."

ಸಂಜೆ ಮಂಡಿಯ ಮೇಲಿನ ಕೋಣೆಯಲ್ಲಿ ದುರ್ಗಪ್ಪ ಟ್ರಂಕಿನ ಮೇಲೆ ಕೂತಿದ್ದ. ಹತ್ತಡಿ ಉದ್ದ, ಎಂಟಡಿ ಅಗಲ. ಇನ್ನು ಮುನ್ನೂರ ಅರವತ್ತನಾಲ್ಕು ದಿನ. ಮನೆಯಲ್ಲಾದರೆ ನಡುವೆ ಕಮಲಿಯಾದರೂ ಇದ್ದಳು, ಒಂದು ಗೋಡೆಯಾದರೂ ಇತ್ತು. ಇಲ್ಲಿ ಮಂಜ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಭಟ್ಕಳದ ಯಾವುದೋ ಮದುವೆಯ ಕತೆ ಮೊದಲಿಂದ ಹೇಳುತ್ತಿದ್ದ. ಹೊರಗೆ ಮಳೆ ಜಡಿಯುತ್ತಿತ್ತು.

"ಮಂಜ," ಎಂದ ದುರ್ಗಪ್ಪ ಮೆಲ್ಲಗೆ. "ಸೋಡಚೀಟಿ ಬೇಡ ಹೇಳಿ ನಾ ಈಗಲೇ ಮನೆಗೆ ವಾಪಸ್ ಹೋದ್ರೆ?"

ಮಂಜನ ಮುಖ ಅರಳಿತು. ಎದ್ದವನೇ ಮೊದಲು ಚಾಪೆ ಸುತ್ತಿದ, ಆಮೇಲೆ ಭಾವನ ಟ್ರಂಕು ಹೆಗಲಿಗೇರಿಸಿದ.

"ನಡೀರಿ ಭಾವ, ನಾನೂ ಬತ್ತೆ. ಕೂಡಿ ಇದ್ರಿ ಹೇಳುಕೂ ಒಬ್ಬ ಸಾಕ್ಷಿ ಬೇಕಲ್ಲ!"